ಹತ್ತನೇ ತರಗತಿಯ ನಗು

"ಹುಚ್ಚರು ಯಾರದೀರಿ, ಎದ್ದು ಈ ಮೇಡಂ ಸಂಗಟ ಹೋಗ್ರಿ!" ಎಂದು ಗಣಿತದ ಮಾಸ್ತರರು ಹೇಳಿದ್ದೇ ತಡ, ದೇವದುರ್ಗದ ಆ ಹತ್ತನೇ ತರಗತಿ ಗೊಳ್ಳೆಂದು ನಕ್ಕಿತು. ಮಕ್ಕಳ ಮನಸ್ಸಿನ ಮಾತು ಕೇಳಲು ರಾಯಚೂರಿನಿಂದ ಬಂದಿದ್ದ ಮನಃಶಾಸ್ತ್ರಜ್ಞೆ ಚಂದ್ರಕಲಾ ನಗಲಿಲ್ಲ.

ಬಾಗಿಲಲ್ಲಿದ್ದವಳು ನೇರ ಕರಿಹಲಗೆಯ ಮುಂದೆ ಬಂದು ನಿಂತಳು. "ಇವರ ವಯಸ್ಸಿನ್ಯಾಗ ನಾನೂ ಊಟ ಬಿಟ್ಟು ಮೂಲ್ಯಾಗ ಕುಂತಿದ್ದೆ. ಒಬ್ಬ ಡಾಕ್ಟರಮ್ಮ ನನ್ನ ಮಾತು ಕೇಳಿದ್ರು. ಅದಕ್ಕ ಈ ಕೆಲಸಕ್ಕ ಬಂದೆ. ನಾ ಹುಚ್ಚಿ ಏನ್ರಿ ಸರ್?"

ನಗು ನಿಂತಿತು.

ಹಿಂದಿನ ಬೆಂಚಿನಿಂದ ಕಬಡ್ಡಿ ತಂಡದ ನಾಯಕ ಅಂಬರೇಶ ಎದ್ದ. "ಅವ್ವ ಸತ್ತಾಗಿಂದ ನಂಗ ನಿದ್ದಿ ಬರವಲ್ದ್ರಿ ಮೇಡಂ."

"ಲೇ, ನೀ ಯಾಕ? ಕುಂದ್ರು," ಎಂದರು ಮಾಸ್ತರರು.

"ಕುಂದ್ರೂದಿಲ್ರಿ," ಎಂದವನು ಎಲ್ಲರೆದುರು ನಡೆದು ಬಂದು ಚಂದ್ರಕಲಾಳ ಪಕ್ಕ ನಿಂತ.