ಹಗೇವಿಗೆ ಬಿದ್ದ ಮಾಸ್ತರ

ಹೊಳಬಸಪ್ಪ ಮಾಸ್ತರ ಹಗೇವಿಗೆ ಬಿದ್ದ. ಗಟ್ಟಿಯಾಗಿ ಓದುತ್ತಿದ್ದ ನೀತಾ ನಗು ತಡೆಯಲಾರದೆ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು. ಎದುರಿಗೆ ಕೈ ಮುಗಿದು ಕೂತಿದ್ದ ಅತ್ತೆ ರುದ್ರವ್ವ ಮಾತ್ರ "ಶಿವ ಶಿವಾ" ಎಂದು ಕಣ್ಣಿಗೆ ಸೆರಗು ಹಚ್ಚಿದಳು.

ಅದೊಂದು ಹಳೆಯ ನಗೆ ಕಾದಂಬರಿ. ಅದರಲ್ಲಿ ಬರುವ ಕತ್ತಲೆ, ಇರುಳುಗಳ ಬಗ್ಗೆ ನೀತಾ ರವಿವಾರ ಕನ್ನಡ ಸಂಘದಲ್ಲಿ ಮಾತಾಡಬೇಕಿತ್ತು. ಇವತ್ತು ಶ್ರಾವಣ ಸೋಮವಾರ. ಪುರಾಣ ಕೇಳದೆ ಅತ್ತೆ ಉಪವಾಸ ಬಿಡುವವಳಲ್ಲ. ಈ ಮರಾಠಿ ಶಹರದಲ್ಲಿ, ಕೋಥರೂಡದ ಮೂರನೆಯ ಮಹಡಿಗೆ ಬಂದು ಪುರಾಣ ಹಚ್ಚುವವರು ಯಾರು? ಒಂದೇ ಓದಿಗೆ ಎರಡು ಕೆಲಸ ಎಂದು ಸೊಸೆ ಇದನ್ನೇ ತೆರೆದಿದ್ದಳು. ರುದ್ರವ್ವ ಪುಸ್ತಕಕ್ಕೆ ವಿಭೂತಿ ಹಚ್ಚಿ, ಮಲ್ಲಿಗೆ ಏರಿಸಿ, ಕೇಳಲು ಕೂತಿದ್ದಳು.

ಚಿಮಣಿ ಎಣ್ಣೆ ಉಳಿಸಲೆಂದು ಮಾಸ್ತರ ಕಂದೀಲಿಲ್ಲದೆ ಹೊರಟಿದ್ದ. 'ಕತ್ತಲೆಯೆಂಬ ಕರಿ ಎಮ್ಮೆ ಊರ ಮೇಲೆ ಮಲಗಿ ಮೆಲುಕು ಹಾಕುತ್ತಿತ್ತು.' ಈ ಸಾಲಿನ ಪಕ್ಕ ನೀತಾ ಪೆನ್ಸಿಲಿನಲ್ಲಿ 'ಎಮ್ಮೆ ಎಂದರೆ ಅಜ್ಞಾನ' ಎಂದು ಬರೆದಿದ್ದಳು. ಜೋಳ ತುಂಬಿಡುವ ನೆಲದೊಳಗಿನ ಹಗೇವು ಖಾಲಿ ಬಿದ್ದಿತ್ತು. ಮಾಸ್ತರ ನೇರ ಅದರೊಳಗೇ ಇಳಿದ. ಆ ದಾರಿಯಲ್ಲಿ ಬಂದ ಇಬ್ಬರು ಕಳ್ಳರು ನೆಲದೊಳಗಿನ ಕೂಗು ಕೇಳಿ, ದೇವರೆಂದು ಬೆದರಿ, ಕದ್ದ ಬೆಲ್ಲವನ್ನು ಒಳಗಿಳಿಸಿ ಅಡ್ಡಬಿದ್ದರು. ಮಾಸ್ತರ ಬೆಲ್ಲ ಚೀಪುತ್ತ ಆಶೀರ್ವಾದ ಮಾಡಿದ. ಅಲ್ಲಿಗೆ ಕಾದಂಬರಿ ಮುಗಿದಿತ್ತು.

"ಮುಂದ?" ಅಂದಳು ರುದ್ರವ್ವ.

"ಇವತ್ತಿಗೆ ಸಾಕ್ರಿ ಅತ್ತಿ. ಏಳ್ರಿ, ಉಣ್ಣಾಕ ಬರ್ರಿ."

"ಹುಚ್ಚಿ, ಮನಷ್ಯಾನ್ನ ತಗ್ಗಿನಾಗ ಬಿಟ್ಟು ಪುರಾಣ ನಿಲ್ಲಸ್ತಾರೇನ? ಸೀತವ್ವ ಅಳಕೋತ ಕುಂತಿದ್ಲಂದ್ರ ನಮ್ಮೂರ ಶಾಸ್ತ್ರಿನ್ನ ಏಳಾಕ ಬಿಡ್ತಿದ್ದಿಲ್ಲ. ಒಂದು ಚೊಲೋ ಮಾತು ಬರಬೇಕು, ಆಮ್ಯಾಲ ಮಂಗಳಾರತಿ. ಮಾಸ್ತರ ಮ್ಯಾಲ ಬರಲಿ, ಬೆಳಕ ಹರೀಲಿ. ಆಮ್ಯಾಲ ನನಗ ತುತ್ತು."

"ಪುರಾಣ ಅಲ್ರಿ ಇದು, ನಗಸೋ ಪುಸ್ತಕ."

"ಹಂಗಾರ ಪಾಪ, ಅವನೂ ಒಂದೀಟು ನಗಬೇಕಲ್ಲ?"

ಅತ್ತೆ ಬೆಳಗಿನಿಂದ ಬರೀ ಒಂದು ಲೋಟ ಹಾಲು ಕುಡಿದಿದ್ದಳು. 'ಈ ಕೃತಿಯಲ್ಲಿ ಬೆಳಗೇ ಇಲ್ಲ' ಎಂಬುದು ನೀತಾಳ ಭಾಷಣದ ಕೊನೆಯ ಸಾಲು. ಕೆಳಗೆ ಎರಡು ಗೆರೆ ಎಳೆದಿದ್ದಳು. ಪುಸ್ತಕ ಅಲ್ಲಿಗೇ ಮುಗಿದಿದೆ ಎಂದು ಇದ್ದದ್ದನ್ನು ಹೇಳಿಬಿಡಲು ಬಾಯಿ ತೆರೆದಳು. ಅಷ್ಟರಲ್ಲಿ ಲೋಡ್‌ಶೆಡ್ಡಿಂಗ್. ಮೋಡ ಕವಿದ ಸಂಜೆ. ಮನೆ, ಓಣಿ, ಎದುರಿನ ಸೊಸೈಟಿ, ಎಲ್ಲ ಒಮ್ಮೆಲೇ ಕಪ್ಪಾದವು.

ನೀತಾ ಗಂಟಲು ಸರಿಮಾಡಿಕೊಂಡು, ಓದುವ ದನಿಯಲ್ಲೇ ಶುರು ಮಾಡಿದಳು: "ಆಗ ಆ ಕರಿ ಎಮ್ಮೆ ಎದ್ದು ಮೈ ಕೊಡವಿತು. ಅದರ ಹೊಟ್ಟೆಯ ಕೆಳಗಿಂದ ಬೆಳಕು ಇಣುಕಿತು. ಹುಂಜ ಕೂಗಿತು. ಎಮ್ಮೆ ಹುಡುಕುತ್ತ ಬಂದ ಭಾಮವ್ವ ಎಂಬ ಹೆಂಗಸು ಹಗ್ಗ ಇಳಿಬಿಟ್ಟಳು. ಮಾಸ್ತರ ಬೆಲ್ಲದ ಸಮೇತ ಮೇಲೆ ಬಂದನು."

"ಬೆಲ್ಲ ಏನು ಮಾಡಿದ?" ಕತ್ತಲೆಯೊಳಗಿಂದ ಅತ್ತೆ ಕೇಳಿದಳು.

"ಅದು... ಯಾರದೋ ಅವರಿಗೇ ಮುಟ್ಟಿಸಿದನು."

"ಎಲ್ಲಾನೂ?"

"ಚೀಪಿದ್ದೊಂದು ಬಿಟ್ಟು."

ಆ ಸಂಜೆ ರುದ್ರವ್ವ ನಕ್ಕದ್ದು ಅದೇ ಮೊದಲು. ನಗುತ್ತಲೇ ತಡಕಾಡಿ ದೇವರ ಮುಂದೆ ದೀಪ ಹಚ್ಚಿದಳು, ಮಂಗಳಾರತಿ ಮಾಡಿದಳು. ಎರಡು ರೊಟ್ಟಿ ಉಂಡಳು, ಮೂರನೆಯದನ್ನೂ ಕೇಳಿ ಹಾಕಿಸಿಕೊಂಡಳು.

ಕೈ ತೊಳೆದು ಬಂದವಳು ಪುಸ್ತಕದ ಮೇಲಿನ ಮಲ್ಲಿಗೆ ತೆಗೆದು ಸೊಸೆಯ ಮುಡಿಗೆ ಏರಿಸಿದಳು.

"ದೀಪ ಇದ್ದಾಗ ಓದಿದ್ದೂ ಚೊಲೋ ಇತ್ತವಾ," ಅಂದಳು, "ಕರೆಂಟ್ ಹೋದಮ್ಯಾಲ ಓದಿದಿ ನೋಡು, ಅದು ಭಾಳ ಚೊಲೋ ಇತ್ತು."