ಮೂರನೇ ಕ್ಲಾಸಿನ ಮೆತ್ತೆ

ರಾಜರದೊಂದು, ನಿಜಾಮರದೊಂದು, ಬಿಳಿಯರದೊಂದು ಅಂತ ಇದ್ದ ರೈಲುಗಳನ್ನೆಲ್ಲ ಸೇರಿಸಿ ದೇಶಕ್ಕೊಂದೇ ರೈಲ್ವೆ ಮಾಡಿದ ಹೊಸತು. ಒಂದು ಬೋಗಿ ಹಸಿರು, ಅದರ ಹಿಂದಿನದು ಕೆಂಪು, ಅದರಾಚೆಯದು ಮಾಸಿದ ಹಳದಿ. ಬಾಗಿಲುಗಳ ಎತ್ತರ ಕೂಡ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಕೆಂಪು ಬೋಗಿಯ ಮಖಮಲ್ಲಿನ ಮೆತ್ತೆಯ ಮೇಲೆ ಸಣ್ಣಮಾರ ತನ್ನ ಹೆಂಡತಿಯನ್ನು ಕಾಲು ಚಾಚಿ ಮಲಗಿಸಿದ್ದ. ಹನ್ನೊಂದು ದಿನದ ಬಾಣಂತಿ. ಜರಿ ರುಮಾಲಿನ ಯಜಮಾನರೊಬ್ಬರು ಹತ್ತಿ ಬಂದವರು ಬಾಗಿಲಲ್ಲೇ ನಿಂತರು.

“ಏಯ್, ಎದ್ದೇಳೋ. ನಿಮ್ಮೋರಿಗೆ ಮೆತ್ತೆ ಬೇರೆ ಕೇಡು.”

“ಟಿಕೀಟೈತೆ ಬುದ್ಧಿ. ಮೂರನೇ ಕ್ಲಾಸು.”

“ನಂದು ಮೊದಲನೇದು. ಇಳಿ.”

ಬಾಣಂತಿ ಮಗುವನ್ನು ಅವುಚಿಕೊಂಡು ಏಳಲು ನೋಡಿದಳು. ಸಣ್ಣಮಾರ ಅವಳ ಭುಜ ಹಿಡಿದು ಮತ್ತೆ ಮಲಗಿಸಿದ. ಯಜಮಾನರು ಟಿಕೆಟ್ ಕಲೆಕ್ಟರನ್ನು ಕೂಗಿದರು. ಆತ ಪ್ಲಾಟ್‌ಫಾರ್ಮಿನಲ್ಲೇ ನಿಂತು ಬೋಗಿಯ ಮೈ ನೋಡಿದ.

“ಇದು ಮೂರನೇ ಕ್ಲಾಸೇ ಸ್ವಾಮಿ. ನಿಮ್ಮದು ಆ ಹಳದಿ ಬೋಗಿ.”

“ಅದರಲ್ಲಿ ಬರೀ ಮರದ ಹಲಗೆ ಕಣಯ್ಯ.”

“ಎಲ್ಲೆಲ್ಲಿಂದಲೋ ಬಂದ ಬೋಗಿಗಳು. ಒಳಗೇನಿದೆ ಅಂತ ನೋಡ್ತಾ ಕೂತ್ರೆ ರೈಲು ಹೊರಡಲ್ಲ. ಹೊರಗೆ ಏನು ಬರೆದಿದೆಯೋ ಅದೇ ಕ್ಲಾಸು. ಮೇಲಿನವರ ಆರ್ಡರು.”

“ಆಗಲಿ. ಇವರ ಜೊತೆ ಕೂರೋದಕ್ಕಿಂತ ಹಲಗೆಯೇ ವಾಸಿ” ಎಂದು ಯಜಮಾನರು ಇಳಿದು ಹೋದರು. ರೈಲು ಹೊರಟಿತು.

“ಸರ್ಕಾರಕ್ಕೆ ನಮ್ಮ ಮ್ಯಾಲೆ ಇಷ್ಟೊಂದು ಕರುಣೆ ಯಾವಾಗ ಬಂತು?” ಎಂದು ಹೆಂಡತಿ ಕೇಳಿದಳು.

“ಸರ್ಕಾರಕ್ಕೆ ಇನ್ನೂ ಗೊತ್ತಿಲ್ಲ ಕಣೆ. ನಿನ್ನೆ ವರ್ಕ್‌ಶಾಪಿನಲ್ಲಿ ಈ ಎರಡು ಬೋಗಿಗೂ ಕ್ಲಾಸು ಬರೆದೋನು ನಾನೇ.”