ಪುಕ್ಕಟೆ ಅಂಗಿ

ನೆರೆ ಬಂದ ಊರುಗಳ ಮಕ್ಕಳಿಗೆಂದು ನಮ್ಮ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಭಾನುವಾರವಿಡೀ ಸಂಬಳವಿಲ್ಲದೆ ಅಂಗಿ ಹೊಲಿದರು. ನಾನು ಅವರ ಸೂಪರ್‌ವೈಸರ್. ಲಾರಿ ಹೊರಡುವ ಹೊತ್ತಿಗೆ ಒಬ್ಬಳ ಮಿಷನ್ನಿನ ಸೂಜಿ ಮುರಿಯಿತು.

"ತುದಿ ಸಿಗ್ತಿಲ್ಲ ಮೇಡಂ. ಬಂಡಲ್ ಪೂರ್ತಿ ಬಿಚ್ಚಿ ನೋಡ್ಬೇಕು."

ಫಾರಿನ್ನಿಗೆ ಹೋಗುವ ಮಾಲಾಗಿದ್ದರೆ, ಮುರಿದ ಸೂಜಿಯ ಚೂರೆಲ್ಲ ಸಿಗುವವರೆಗೆ ನಾನು ಒಂದು ಅಂಗಿಯನ್ನೂ ಹೊರಗೆ ಬಿಡುತ್ತಿರಲಿಲ್ಲ. ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ.

"ಪುಕ್ಕಟೆ ಕೊಡೋದು ತಾನೇ? ಯಾರು ಕೇಳ್ತಾರೆ? ಕಟ್ಟಿಬಿಡು."

"ಸಣ್ಣ ಮಕ್ಕಳು ಹಾಕ್ಕೊಳ್ಳೋದು ಮೇಡಂ..."

"ಕಟ್ಟು ಅಂದ್ನಲ್ಲ."

ಅವಳು ಕಟ್ಟಿದಳು.

ಮರುದಿನ ಗಂಜಿ ಕೇಂದ್ರದಲ್ಲಿ ಅಂಗಿ ಹಂಚಿದವಳೂ ನಾನೇ. ಎಲ್ಲರೂ ಕೈ ಮುಗಿದರು, ಫೋಟೋ ತೆಗೆದರು. ಹೊರಡುವಾಗ ಮೂಲೆಯಲ್ಲಿ ತಾಯಿಯ ತೋಳಲ್ಲಿ ಒಂದು ಕೂಸು ಒಂದೇ ಸಮನೆ ಚೀರುತ್ತಿತ್ತು. ನನ್ನ ಕಾಲು ಅಲ್ಲೇ ನಿಂತಿತು.

"ಯಾವಾಗಿಂದ ಅಳ್ತಿದೆ?"

"ನೀವು ಕೊಟ್ಟ ಅಂಗಿ ಹಾಕಿದಾಗಿಂದ್ರಿ ಅಕ್ಕಾರ."

ನನ್ನ ಮುಖ ನೋಡಿ ಆ ತಾಯಿಗೆ ಸಂಕೋಚವಾಯಿತು. ಕೂಸನ್ನು ಎದೆಗೆ ಇನ್ನಷ್ಟು ಒತ್ತಿ ಹಿಡಿದು ನಕ್ಕಳು.

"ತಪ್ಪು ತಿಳಕೋಬ್ಯಾಡ್ರಿ. ಹುಟ್ಟಿದಾಗಿಂದ ಹಳೇವನ್ನ ಹಾಕೇವಿ, ಹೊಸಾ ಅಂಗಿ ರೂಢಿ ಇಲ್ರಿ ಇದಕ್ಕ."